ಇಲ್ಲದ ಮೂವರು ಗಾರ್ಡ್‌ಗಳು: ಒಂದು ಲ್ಯಾಬ್ ಜರ್ನಲ್ ಪ್ರಕರಣ

ಪದವಿ ಕಾಲೇಜೊಂದರ ಪತ್ರಿಕೋದ್ಯಮ ವಿಭಾಗ. ನಾಲ್ಕನೇ ಸೆಮಿಸ್ಟರ್. ವಿದ್ಯಾರ್ಥಿಗಳೇ ಬರೆದು, ತಿದ್ದಿ, ಪುಟ ಕಟ್ಟಿ ತರುವ ಎಂಟು ಪುಟದ ಲ್ಯಾಬ್ ಜರ್ನಲ್. ಅದರ ಹಿಂಬದಿ ಪುಟದಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಗಾರ್ಡ್‌ಗಳ ಬಗ್ಗೆ ಒಂದು ನುಡಿಚಿತ್ರ ಬಂತು. ಬರೆದವಳು ತರಗತಿಯಲ್ಲಿ ‘ಚೆನ್ನಾಗಿ ಬರೀತಾಳೆ’ ಅಂತ ಹೆಸರಾದ ಹುಡುಗಿ. ವರದಿಯಲ್ಲಿ ಮೂವರು ಗಾರ್ಡ್‌ಗಳಿದ್ದರು. ಒಬ್ಬರು ಆಸ್ಪತ್ರೆಯ ಗೇಟಿನಲ್ಲಿ, ಒಬ್ಬರು ಅಪಾರ್ಟ್‌ಮೆಂಟಿನಲ್ಲಿ, ಇನ್ನೊಬ್ಬರು ಗೋದಾಮಿನಲ್ಲಿ. ಮೂವರಿಗೂ ಹೆಸರಿತ್ತು, ವಯಸ್ಸಿತ್ತು, ಮನೆ ಮಕ್ಕಳ ಕಥೆಯಿತ್ತು. ಓದಿದವರೆಲ್ಲ ಮೆಚ್ಚಿದರು. 25ಕ್ಕೆ 23 ಅಂಕ ಬಂತು.

ಸಂಚಿಕೆ ಹಂಚಿದ ಕೆಲವು ದಿನಕ್ಕೆ ವಿದ್ಯಾರ್ಥಿ ಸಂಘದವರಿಗೆ ಒಂದು ಯೋಚನೆ ಬಂತು. ಮಗಳನ್ನು ನರ್ಸಿಂಗ್ ಓದಿಸುತ್ತಿರುವ ಆ ಆಸ್ಪತ್ರೆಯ ಗಾರ್ಡನ್ನು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಸನ್ಮಾನಿಸೋಣ, ಕೈಲಾದಷ್ಟು ದುಡ್ಡನ್ನೂ ಕೂಡಿಸಿ ಕೊಡೋಣ ಅಂತ. ಇಬ್ಬರು ಹುಡುಗರು ಆಸ್ಪತ್ರೆಗೆ ಹೋದರು. ಆ ಹೆಸರಿನ ಗಾರ್ಡ್ ಅಲ್ಲಿರಲಿಲ್ಲ. ಪಾಳಿ ಪಟ್ಟಿ ನೋಡಿಸಿದರು. ಕೆಲಸ ಬಿಟ್ಟು ಹೋದವರ ಬಗ್ಗೆ ವಿಚಾರಿಸಿದರು. ಆ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಹೆಸರು ತಪ್ಪು ಅಚ್ಚಾಗಿರಬೇಕು ಅಂದುಕೊಂಡು ವಾಪಸ್ ಬಂದು ಹುಡುಗಿಯನ್ನೇ ಕೇಳಿದರು. ಅವಳು ಮೊದಲು ‘ಅವರು ಕೆಲಸ ಬಿಟ್ಟಿರಬಹುದು’ ಅಂದಳು. ಮಾರನೆಯ ದಿನ ತಾನಾಗಿಯೇ ವಿಭಾಗದ ಮುಖ್ಯಸ್ಥರ ಕೊಠಡಿಗೆ ಹೋಗಿ, ಆಸ್ಪತ್ರೆಯ ಗಾರ್ಡ್ ಮಾತ್ರ ಅಲ್ಲ, ಮೂವರೂ ಇಲ್ಲ ಅಂತ ಹೇಳಿದಳು.

ವಿಭಾಗ ಮೂವರ ಸಮಿತಿ ಮಾಡಿತು. ಹೊರಗಿನ ಸದಸ್ಯನಾಗಿ ನನ್ನನ್ನು ಕರೆದರು. ನಾನು ಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ವರದಿಗಳನ್ನು ತಿದ್ದಿ ಅಚ್ಚಿಗೆ ಕಳಿಸುವ ವಿಭಾಗದಲ್ಲಿದ್ದು, ಆಮೇಲೆ ಪಾಠಕ್ಕೆ ಬಂದವನು. ಕಾಲೇಜಿನ, ವಿದ್ಯಾರ್ಥಿನಿಯ ಗುರುತು ಸಿಗದಂತೆ ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ. ಸಮಿತಿಗೆ ಕೊಟ್ಟ ಪತ್ರದಲ್ಲಿ ಇದ್ದ ಪ್ರಶ್ನೆ ಒಂದೇ: ಯಾವ ಶಿಕ್ಷೆ? ನನಗೆ ಅದಕ್ಕಿಂತ ಮೊದಲು ಇನ್ನೊಂದು ಕೇಳಬೇಕಿತ್ತು. ಈ ಕಾಪಿಯನ್ನು, ಅಂದರೆ ಅಚ್ಚಿಗೆ ಕೊಟ್ಟ ಬರಹವನ್ನು, ವಿದ್ಯಾರ್ಥಿ ಉಪಸಂಪಾದಕ ಓದಿದ್ದ, ಪುಟದ ಸಂಪಾದಕಿ ಓದಿದ್ದಳು, ಮೇಷ್ಟ್ರು ಓದಿ ಅಂಕ ಕೊಟ್ಟಿದ್ದರು. ಇಷ್ಟು ಜನರಲ್ಲಿ ಒಬ್ಬರೂ ಒಂದು ಫೋನ್ ಯಾಕೆ ಮಾಡಲಿಲ್ಲ?

ಕಾಪಿ ಏನು ಹೇಳುತ್ತಿತ್ತು

ವರದಿಯನ್ನು ಮತ್ತೆ ಓದಿದೆವು. ಗೊತ್ತಾದ ಮೇಲೆ ಓದಿದರೆ ಎಲ್ಲವೂ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಮೊದಲೇ ಓದಿದವರನ್ನು ನಾನು ದೂರಲಾರೆ. ಆದರೂ ಕೆಲವು ಸುಳಿವು ಇದ್ದವು. ಆಸ್ಪತ್ರೆಯ ಗಾರ್ಡ್ ಹೇಳುತ್ತಾರೆ: “ಎಲ್ಲರಿಗೂ ರಾತ್ರಿ ಅಂದರೆ ಕತ್ತಲು. ನನಗೆ ಅದು ನನ್ನ ಮಗಳ ನಾಳೆಗೆ ನಾನು ಹಚ್ಚುವ ದೀಪ.” ಗೋದಾಮಿನವರು ಹೇಳುತ್ತಾರೆ: “ನಾನು ಕಾಯುವುದು ಬೀಗವನ್ನಲ್ಲ, ನಂಬಿಕೆಯನ್ನು.” ಅಪಾರ್ಟ್‌ಮೆಂಟಿನವರದ್ದೂ ಇದೇ ಧಾಟಿ.

ಹನ್ನೆರಡು ಗಂಟೆ ನಿಂತು ಪಾಳಿ ಮುಗಿಸಿದ ಮನುಷ್ಯ ಹೀಗೆ ಮಾತಾಡಲ್ಲ, ಅಲ್ವಾ? ಒಬ್ಬರು ಮಾತಾಡಿದರೂ ಮೂವರು ಒಂದೇ ಅಚ್ಚಿನಲ್ಲಿ ಮಾತಾಡಲ್ಲ. ಮೂವರಲ್ಲಿ ಒಬ್ಬರೂ ಮಾತನ್ನು ಅರ್ಧಕ್ಕೆ ನಿಲ್ಲಿಸಿಲ್ಲ. ಒಬ್ಬರೂ ಸಂಬಳದ ಮೊತ್ತ ಹೇಳಿಲ್ಲ. ಒಬ್ಬರೂ ಸೂಪರ್‌ವೈಸರ್ ಬಗ್ಗೆ ಗೊಣಗಿಲ್ಲ. ಕೆಲಸ ಮಾಡುವವರ ಜತೆ ಕೂತು ಮಾತಾಡಿದ ಯಾರಿಗಾದರೂ ಗೊತ್ತು, ಈ ಮೂರೂ ಇಲ್ಲದ ಸಂದರ್ಶನ ಬಲು ಅಪರೂಪ.

ಸಮಿತಿಯ ಸದಸ್ಯೆಯೊಬ್ಬರು ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರ್‌ನಲ್ಲಿ ಕಾಪಿ ಹಾಕಿ ನೋಡಿದ್ದರು. ಎಲ್ಲೂ ನಕಲು ಸಿಕ್ಕಿರಲಿಲ್ಲ. ಸಿಗುವುದು ಹೇಗೆ? ಆ ಸಾಫ್ಟ್‌ವೇರ್ ನೋಡುವುದು ಬೇರೆಯವರ ವಾಕ್ಯ ಕದ್ದಿದ್ದಾರಾ ಅಂತ. ಪೂರ್ತಿ ಕಟ್ಟಿದ ಸುಳ್ಳು ಪೂರ್ತಿ ಸ್ವಂತದ್ದೇ. ಕಷ್ಟಪಟ್ಟು ಪತ್ರಿಕಾ ಪ್ರಕಟಣೆ, ಸರ್ಕಾರಿ ಆದೇಶ ಓದಿ ಬರೆದ ಹುಡುಗನ ವರದಿಗಿಂತ ಅದಕ್ಕೇ ಶುದ್ಧ ಸರ್ಟಿಫಿಕೇಟ್ ಸಿಗುತ್ತದೆ. ವಿಭಾಗಗಳು ಈ ಯಂತ್ರದ ವರದಿಯನ್ನು ಪ್ರಾಮಾಣಿಕತೆಯ ಪುರಾವೆ ಅಂತ ಫೈಲಿಗೆ ಲಗತ್ತಿಸುವುದು ನೋಡಿದರೆ ನನಗೆ ನಗು ಬರುತ್ತದೆ.

ನೋಟ್‌ಬುಕ್

ಎರಡನೇ ಸಭೆಗೆ ಅವಳನ್ನು ಕರೆದಾಗ ನೋಟ್‌ಬುಕ್ ತರಲು ಹೇಳಿದ್ದೆವು. ತಂದಳು. ಸಣ್ಣದು, ಮೇಲೆ ಸುರುಳಿ ತಂತಿಯದ್ದು. ಗಾರ್ಡ್‌ಗಳ ವರದಿಗೆ ಸಂಬಂಧಪಟ್ಟದ್ದು ಒಂದೂವರೆ ಪುಟ ಮಾತ್ರ. ಅದನ್ನು ಇಲ್ಲಿ ಹಾಗೇ ಕೊಡುತ್ತೇನೆ, ಯಾಕೆಂದರೆ ಈ ಪ್ರಕರಣದ ಜೀವ ಅಲ್ಲಿದೆ.

“ಆಸ್ಪತ್ರೆ ಹಿಂದಿನ ಗೇಟ್. ರಾತ್ರಿ 11.20. ವಯಸ್ಸು 50 ಇರಬಹುದು. ಹೆಸರು ಬೇಡ ಅಂದ್ರು. ಏಜೆನ್ಸಿಯವರು ಬೈತಾರೆ. ಎಷ್ಟು ಹೊತ್ತು ಡ್ಯೂಟಿ? 12 ತಾಸು. ನಿದ್ದೆ? ಏನಿಲ್ಲ. ಇರ್ತೀವಿ, ಬೆಳಗಾಗುತ್ತೆ. ಕುರ್ಚಿ? ತೆಗೆದ್ರು. ಯಾಕೆ? ನಗ್ತಾರೆ. ಆಂಬುಲೆನ್ಸ್ ಬಂತು, ಗೇಟ್ ತೆಗೆಯೋಕೆ ಹೋದ್ರು. ವಾಪಸ್ ಬಂದು ‘ಸಾಕಮ್ಮ, ಹೋಗಿ’ ಅಂದ್ರು.”

ಕೆಳಗೆ ಅವಳೇ ಬೇರೆ ಪೆನ್ನಿನಲ್ಲಿ ಬರೆದುಕೊಂಡಿದ್ದಳು: “ಏನೂ ಸಿಗಲಿಲ್ಲ.”

ಡೆಸ್ಕಿನಲ್ಲಿ ಒಂದು ವರ್ಷ ಕೂತವರು ಯಾರೇ ಆಗಲಿ ಈ ಪುಟ ನೋಡಿದರೆ ಕುರ್ಚಿಯ ಹತ್ತಿರ ನಿಲ್ಲುತ್ತಾರೆ. ಹನ್ನೆರಡು ತಾಸಿನ ಪಾಳಿ, ಐವತ್ತು ವಯಸ್ಸಿನ ಮನುಷ್ಯ, ಕೂರಲು ಇದ್ದ ಕುರ್ಚಿಯನ್ನು ಯಾರೋ ತೆಗೆದಿದ್ದಾರೆ. ಯಾರು ತೆಗೆದರು? ನಿದ್ದೆ ಮಾಡುತ್ತಾರೆ ಅಂತಲಾ? ಒಂದೇ ಗೇಟಿನಲ್ಲಾ, ಎಲ್ಲಾ ಗೇಟಿನಲ್ಲಾ? ಆದೇಶ ಕೊಟ್ಟದ್ದು ಆಸ್ಪತ್ರೆಯಾ, ಏಜೆನ್ಸಿಯಾ? ಇನ್ನೊಂದು, ಅವರು ಹೆಸರು ಹೇಳದಿರುವುದು. ಹೆಸರು ಹೇಳಿದರೆ ಕೆಲಸಕ್ಕೆ ಕುತ್ತು ಅನ್ನುವ ಭಯವೇ ವರದಿಯ ಎರಡನೇ ಪ್ಯಾರಾ ಆಗಬೇಕಿತ್ತು. ಅವಳ ಕೈಯಲ್ಲಿ ಒಳ್ಳೆಯ ವರದಿ ಇತ್ತು. ಅದನ್ನು ಬದಿಗಿಟ್ಟು ಕೆಟ್ಟದ್ದನ್ನು ಕಟ್ಟಿದಳು. ಕಟ್ಟಿದ್ದಕ್ಕೆ 23 ಅಂಕ ಬಂತು.

“ಏನೂ ಸಿಗಲಿಲ್ಲ ಅಂತ ಯಾಕೆ ಅನ್ನಿಸಿತು?” ಅಂತ ಕೇಳಿದೆ.

“ಸರ್, ಒಂದೂ ಕೋಟ್ ಇರಲಿಲ್ಲ.”

ಅವಳು ಹೇಳಿದ್ದು ಇಷ್ಟೇ. ಹೇಳಿ ಅಸೈನ್‌ಮೆಂಟ್ ಹಾಳೆಯನ್ನು ತೆಗೆದು ಮುಂದಿಟ್ಟಳು. ಅದರಲ್ಲಿ ಹೀಗಿತ್ತು: ಕನಿಷ್ಠ ಮೂರು ಮೂಲಗಳು, ಹೆಸರು ಮತ್ತು ವಯಸ್ಸಿನ ಸಮೇತ. ಕನಿಷ್ಠ ಐದು ನೇರ ಉಲ್ಲೇಖ (ಕೋಟ್). 800 ಪದ. ಕೊನೆಯ ದಿನಾಂಕ ದಾಟಿದರೆ ದಿನಕ್ಕೆ ಎರಡು ಅಂಕ ಕಡಿತ. ಅಂಕದ ಹಂಚಿಕೆ: ಭಾಷೆ ಮತ್ತು ಶೈಲಿ 10, ರಚನೆ 5, ಉಲ್ಲೇಖಗಳ ಬಳಕೆ 5, ತಲೆಬರಹ ಮತ್ತು ಚಿತ್ರ 5.

ಸೋರ್ಸ್ ಯಾರು, ಎಲ್ಲಿ ಸಿಕ್ಕರು, ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ಇಲ್ಲ ಅಂದರು, ಯಾವುದನ್ನು ಎರಡನೇ ಸಲ ಖಾತ್ರಿ ಮಾಡಿಕೊಂಡಿರಿ, ಇದಕ್ಕೆಲ್ಲ ಅಂಕ ಸೊನ್ನೆ. ಹಾಳೆಯ ಪ್ರಕಾರ ಅವಳು ಮಾಡಿದ್ದೆಲ್ಲ ಸರಿಯಾಗೇ ಇತ್ತು. ಮೂವರು ಕೇಳಿದ್ದರು, ಮೂವರನ್ನು ಕೊಟ್ಟಳು. ಐದು ಕೋಟ್ ಕೇಳಿದ್ದರು, ಏಳು ಕೊಟ್ಟಳು.

ಇದನ್ನು ಅವಳ ಸಮರ್ಥನೆಗೆ ಹೇಳುತ್ತಿಲ್ಲ. ಅದೇ ಹಾಳೆ ಹಿಡಿದುಕೊಂಡು ಉಳಿದ ವಿದ್ಯಾರ್ಥಿಗಳು ಸುಳ್ಳು ಬರೆಯಲಿಲ್ಲ. ಆದರೆ ಅವರ ಕಾಪಿಗಳನ್ನೂ ಓದಿದೆ. ಬಹಳಷ್ಟು ಸಪ್ಪೆ. ‘ಸಾರ್ವಜನಿಕರು ಅಭಿಪ್ರಾಯಪಟ್ಟರು’, ‘ಹೆಸರು ಹೇಳಲಿಚ್ಛಿಸದ ಒಬ್ಬರು ತಿಳಿಸಿದರು’. ಅವರಲ್ಲಿ ಎಷ್ಟು ಜನ ಹಾಸ್ಟೆಲ್‌ನ ಗೆಳೆಯರನ್ನೇ ‘ಸಾರ್ವಜನಿಕರು’ ಮಾಡಿದ್ದರೋ ದೇವರೇ ಬಲ್ಲ. ಹೆಚ್ಚಿನ ವಿಭಾಗಗಳಲ್ಲಿ ನಾವು ಅಂಕ ಕೊಡುವುದು ಬರವಣಿಗೆಗೆ. ವರದಿಗಾರಿಕೆಗೆ ಕೊಡುವುದೇ ಇಲ್ಲ. ಕೊಟ್ಟದ್ದಕ್ಕೆ ತಕ್ಕಂತೆ ಬೆಳೆ ಬರುತ್ತಿದೆ.

ಜಾನೆಟ್ ಕುಕ್ ಬಗ್ಗೆ ಬರೆದ ಉತ್ತರ

ಇನ್ನೊಂದು ದಾಖಲೆಯೂ ಸಮಿತಿಯ ಮುಂದೆ ಬಂತು. ಹಿಂದಿನ ಸೆಮಿಸ್ಟರಿನ ಮಾಧ್ಯಮ ನೀತಿ ಪತ್ರಿಕೆಯಲ್ಲಿ ಅವಳ ಉತ್ತರ. ಪ್ರಶ್ನೆ ಅಮೆರಿಕದ ವರದಿಗಾರ್ತಿ ಜಾನೆಟ್ ಕುಕ್ ಪ್ರಕರಣದ ಬಗ್ಗೆ. ಅವಳ ಉತ್ತರದಲ್ಲಿ ಒಂದೂ ತಪ್ಪಿಲ್ಲ. 1980ರ ಸೆಪ್ಟೆಂಬರ್ 28ರಂದು ‘ವಾಷಿಂಗ್ಟನ್ ಪೋಸ್ಟ್’ ಮುಖಪುಟದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಬಗ್ಗೆ ಕುಕ್ ಬರೆದ ಕಥೆ ಬಂತು. ನಗರದ ಮೇಯರ್ ಹುಡುಗನನ್ನು ಹುಡುಕಲು ಆದೇಶಿಸಿದರು. ಹುಡುಗ ಸಿಗಲಿಲ್ಲ. 1981ರ ಏಪ್ರಿಲ್ 13ರಂದು ಕುಕ್‌ಗೆ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಘೋಷಣೆಯಾಯಿತು. ಎರಡು ದಿನದಲ್ಲಿ ಪ್ರಶಸ್ತಿ ವಾಪಸ್ ಹೋಯಿತು, ಯಾಕೆಂದರೆ ಹುಡುಗ ಇರಲೇ ಇಲ್ಲ.

ಉತ್ತರಕ್ಕೆ ಒಳ್ಳೆಯ ಅಂಕ ಬಂದಿತ್ತು. ಪತ್ರಕರ್ತರು ಸತ್ಯಕ್ಕೆ ನಿಷ್ಠರಾಗಿರಬೇಕು ಅಂತ ಮುಗಿದಿತ್ತು. ಆರು ತಿಂಗಳಲ್ಲಿ ಅದೇ ಕೈ ಮೂವರು ಗಾರ್ಡ್‌ಗಳನ್ನು ಕಟ್ಟಿತು.

ಸಮಿತಿಯಲ್ಲಿ ಒಬ್ಬರಿಗೆ ಇದು ಅವಳ ಕಪಟಕ್ಕೆ ಸಾಕ್ಷಿ ಅನ್ನಿಸಿತು. ಗೊತ್ತಿದ್ದೂ ಮಾಡಿದಳಲ್ಲ ಅಂತ. ನನಗೆ ಅದು ನಾವು ಆ ಪ್ರಕರಣ ಪಾಠ ಮಾಡುವ ರೀತಿಯ ಸಾಕ್ಷಿ ಅನ್ನಿಸಿತು. ನಾವು ಕುಕ್ ಕಥೆಯನ್ನು ಕೆಟ್ಟವಳ ಕಥೆಯಾಗಿ ಹೇಳುತ್ತೇವೆ. ಓದುವ ಇಪ್ಪತ್ತು ವರ್ಷದ ಹುಡುಗಿ ‘ನಾನು ಹಾಗಲ್ಲ’ ಅಂದುಕೊಂಡು ಪುಟ ಮಗುಚುತ್ತಾಳೆ. ಆ ಪ್ರಕರಣದಲ್ಲಿ ನಿಜವಾಗಿ ಕಲಿಯಬೇಕಾದ ಭಾಗ ಸಂಪಾದಕರದ್ದು. ಮೂಲದ ಗುರುತು ಮುಚ್ಚಿಡುವುದಾಗಿ ಮಾತು ಕೊಟ್ಟಿದ್ದೇನೆ ಅಂತ ಕುಕ್ ಹೇಳಿದರು. ಹುಡುಗ ಯಾರು, ಮನೆ ಎಲ್ಲಿ ಅಂತ ಸಂಪಾದಕರು ಒತ್ತಿ ಕೇಳಲಿಲ್ಲ. ಸಹೋದ್ಯೋಗಿ ಕೋರ್ಟ್‌ಲೆಂಡ್ ಮಿಲಾಯ್ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಆ ಮನೆ ಹುಡುಕಲು ಹೋದಾಗ ಕುಕ್‌ಗೆ ಮನೆ ತೋರಿಸಲಾಗಲಿಲ್ಲ. ಮಿಲಾಯ್ ತಮ್ಮ ಅನುಮಾನವನ್ನು ಸಂಪಾದಕರಿಗೆ ಹೇಳಿದರು. ಆಗಲೂ ಪತ್ರಿಕೆ ವರದಿಯ ಬೆನ್ನಿಗೇ ನಿಂತಿತು. ಕುಕ್ ತಮ್ಮ ಓದಿನ ಬಗ್ಗೆ ಹೇಳಿಕೊಂಡದ್ದು ಸುಳ್ಳು ಅಂತ ಬೇರೆ ಕಡೆಯಿಂದ ಗೊತ್ತಾದ ಮೇಲೆ ಅವರ ಟಿಪ್ಪಣಿ, ಟೇಪುಗಳನ್ನು ತೆಗೆದು ನೋಡಿದರು. ಆ ಹುಡುಗನ ಜತೆ ಮಾತಾಡಿದ ಸುಳಿವೇ ಅದರಲ್ಲಿರಲಿಲ್ಲ. ಅಂದರೆ ನೋಟ್‌ಬುಕ್ ತೆರೆದದ್ದು ಪ್ರಶಸ್ತಿ ಬಂದ ಮೇಲೆ.

ಈ ಕೊನೆಯ ವಾಕ್ಯ ಅವಳ ಉತ್ತರದಲ್ಲಿ ಇರಲಿಲ್ಲ. ಅವಳಿಗೆ ಕೊಟ್ಟ ನೋಟ್ಸಿನಲ್ಲೂ ಇರಲಿಲ್ಲ.

ಎಐ ವಾದ

ಇಲ್ಲಿಯವರೆಗೆ ಎಐ ಹೆಸರು ಎತ್ತಿರಲಿಲ್ಲ. ಬೇಕಂತಲೇ ಹಿಂದಿಟ್ಟೆ, ಯಾಕೆಂದರೆ ಸಮಿತಿಯಲ್ಲಿ ಒಮ್ಮೆ ಆ ಪದ ಬಂದ ಮೇಲೆ ಬೇರೆ ಮಾತೇ ನಿಂತುಹೋಗಿತ್ತು.

ನಡೆದದ್ದು ಇಷ್ಟು. ಕೊನೆಯ ದಿನಾಂಕದ ಹಿಂದಿನ ರಾತ್ರಿ ಅವಳು ತನ್ನ ಒಂದೂವರೆ ಪುಟದ ಟಿಪ್ಪಣಿಯನ್ನು ಚಾಟ್‌ಬಾಟ್ ಒಂದಕ್ಕೆ ಹಾಕಿ, ಇದನ್ನು ಮೂವರು ಗಾರ್ಡ್‌ಗಳ ಮಾತಿರುವ ನುಡಿಚಿತ್ರ ಮಾಡು ಅಂತ ಕೇಳಿದಳು. ಅದು ಮಾಡಿ ಕೊಟ್ಟಿತು. ಹೆಸರು, ವಯಸ್ಸು, ಮಗಳು, ನರ್ಸಿಂಗ್, ದೀಪ, ಎಲ್ಲ ಅಲ್ಲಿಂದಲೇ. ಅವಳು ಅಲ್ಲಲ್ಲಿ ಪದ ಬದಲಿಸಿದಳು. “ನಾನು ಸುಳ್ಳು ಹೇಳಬೇಕು ಅಂತ ಕೂತಿರಲಿಲ್ಲ ಸರ್. ಅದು ಕೊಟ್ಟಿತು. ಚೆನ್ನಾಗಿತ್ತು” ಅಂದಳು. ಈ ಮಾತು ನಿಜ ಅಂತ ನಾನು ನಂಬುತ್ತೇನೆ. ಕುಕ್ ಒಬ್ಬ ಹುಡುಗನನ್ನು ಕಟ್ಟಲು ಕೂತು ಯೋಚಿಸಬೇಕಾಗಿತ್ತು. ಈಗ ಸುಳ್ಳು ಹೇಳುವುದಕ್ಕೆ ಬೇಕಾದ ಆ ಶ್ರಮವೂ ಉಳಿದಿಲ್ಲ. ಹಾಗಾಗಿ ತಾನು ಸುಳ್ಳು ಹೇಳುತ್ತಿದ್ದೇನೆ ಅನ್ನುವುದೂ ಅರಿವಿಗೆ ಬರುವುದಿಲ್ಲ.

ಸಮಿತಿಯ ಒಬ್ಬ ಸದಸ್ಯರು ವಿಭಾಗದಲ್ಲಿ ಎಐ ಬಳಕೆ ಪೂರ್ತಿ ನಿಷೇಧಿಸಬೇಕು, ವರದಿಗಳನ್ನು ತರಗತಿಯಲ್ಲೇ ಕೈಯಲ್ಲಿ ಬರೆಸಬೇಕು ಅಂದರು. ನಾನು ಒಪ್ಪಲಿಲ್ಲ. ತರಗತಿಯೊಳಗೆ ಕೂರಿಸಿ ಬರೆಸಿದರೆ ವರದಿ ಎಲ್ಲಿಂದ ಬರುತ್ತದೆ? ವರದಿ ಇರುವುದು ಹೊರಗೆ. ಜೊತೆಗೆ, ಚಾಟ್‌ಬಾಟ್ ಇಲ್ಲದ ಕಾಲದಲ್ಲೂ ಇದು ನಡೆದಿದೆ. 2003ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಜೇಸನ್ ಬ್ಲೇರ್ ಹೋಗದ ಊರುಗಳಿಂದ ವರದಿ ಕಳಿಸಿದ್ದರು. ಅಲ್ಲಿಗೆ ಹೋಗಲೂ ಇಲ್ಲ, ಯಾರ ಬಗ್ಗೆ ಬರೆದರೋ ಅವರನ್ನು ನೋಡಲೂ ಇಲ್ಲ. ತಮ್ಮ ಬಗ್ಗೆ ತಪ್ಪು ಬಂದಿದೆ ಅಂತ ಗೊತ್ತಿದ್ದ ಎಷ್ಟೋ ಜನ ಪತ್ರಿಕೆಗೆ ಹೇಳುವ ಗೋಜಿಗೇ ಹೋಗಿರಲಿಲ್ಲ. ಪೇಪರಿನವರು ಹೀಗೇ ಅಂದುಕೊಂಡು ಸುಮ್ಮನಿದ್ದರು. ಪಾಠ ಮಾಡುವವರು ಇದನ್ನು ಗಮನಿಸಬೇಕು. ದೂರು ಬಂದಿಲ್ಲ ಅಂದಮಾತ್ರಕ್ಕೆ ವರದಿ ಸರಿ ಇದೆ ಅಂತಲ್ಲ.

ಎಐ ಬಂದ ಮೇಲಿನ ಉದಾಹರಣೆಯೂ ಇದೆ. 2024ರಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ‘ಕೋಡಿ ಎಂಟರ್‌ಪ್ರೈಸ್’ ಅನ್ನುವ ಸಣ್ಣ ಪತ್ರಿಕೆಯ ಹೊಸ ವರದಿಗಾರ ಎಐ ಕಟ್ಟಿಕೊಟ್ಟ ಮಾತುಗಳನ್ನು ನಿಜವಾದ ಜನರ ಬಾಯಲ್ಲಿ ಇಟ್ಟಿದ್ದ. ಅದರಲ್ಲಿ ರಾಜ್ಯದ ಗವರ್ನರ್ ಮಾತೂ ಇತ್ತು. ಇದನ್ನು ಹಿಡಿದದ್ದು ಪಕ್ಕದ ‘ಪವೆಲ್ ಟ್ರಿಬ್ಯೂನ್’ ಪತ್ರಿಕೆಯ ವರದಿಗಾರ. ಯಾವ ಸಾಫ್ಟ್‌ವೇರ್ ಕೂಡ ಅಲ್ಲ. ಅನುಮಾನ ಬಂತು, ಮಾತಾಡಿದ್ದಾರೆ ಅಂತ ಅಚ್ಚಾದವರನ್ನು ಸಂಪರ್ಕಿಸಿ ‘ನೀವು ಇದನ್ನು ಹೇಳಿದಿರಾ’ ಅಂತ ಕೇಳಿದ. ಅಷ್ಟೇ. ನಮ್ಮ ಪ್ರಕರಣದಲ್ಲಿ ಅದೇ ಕೆಲಸವನ್ನು ಸನ್ಮಾನಕ್ಕೆ ಹೊರಟ ಇಬ್ಬರು ಬಿಕಾಂ ಹುಡುಗರು ಮಾಡಿದರು.

ಶಿಕ್ಷೆ, ತಿದ್ದುಪಡಿ

ಶಿಕ್ಷೆಯ ವಿಷಯ ಬೇಗ ಮುಗಿಯಿತು. ಲ್ಯಾಬ್ ಜರ್ನಲ್‌ನ ಆಂತರಿಕ ಅಂಕ ಸೊನ್ನೆ. ಅದೇ ಲ್ಯಾಬ್ ಜರ್ನಲ್ ಕೆಲಸವನ್ನು ಮುಂದಿನ ವರ್ಷದ ತಂಡದ ಜತೆ ಮತ್ತೆ ಮಾಡಬೇಕು. ಕಾಲೇಜಿನಿಂದ ಹೊರಹಾಕುವ ಮಾತು ಬಂದಿತ್ತು, ನಿಲ್ಲಲಿಲ್ಲ. ತಾನಾಗಿ ಬಂದು ಮೂವರ ಬಗ್ಗೆಯೂ ಹೇಳಿದ್ದನ್ನು ಎಲ್ಲರೂ ಪರಿಗಣಿಸಿದರು.

ಹೆಚ್ಚು ಜಗ್ಗಾಟ ನಡೆದದ್ದು ತಿದ್ದುಪಡಿ ಪ್ರಕಟಿಸುವುದರ ಬಗ್ಗೆ. ಆಡಳಿತದವರಿಗೆ ಅದು ಬೇಕಿರಲಿಲ್ಲ. “ಲ್ಯಾಬ್ ಜರ್ನಲ್ ತಾನೇ, ಯಾರು ಓದುತ್ತಾರೆ? ಸುಮ್ನೆ ಯಾಕೆ ಊರಿಗೆಲ್ಲ ಹೇಳೋದು?” ಅಂತ ಅವರ ವಾದ. ಯಾರು ಓದುತ್ತಾರೆ ಅನ್ನುವುದಕ್ಕೆ ಉತ್ತರ ಆಗಲೇ ಸಿಕ್ಕಿತ್ತು. ಓದಿದ್ದರಿಂದಲೇ ದುಡ್ಡು ಕೂಡಿಸಲು ಶುರು ಮಾಡಿದ್ದರು. ಲ್ಯಾಬ್ ಜರ್ನಲ್ ಅಭ್ಯಾಸದ ಪತ್ರಿಕೆ ಅನ್ನುವುದು ಬರೆಯುವವರ ಕಡೆಯ ಮಾತು. ಓದುವವನಿಗೆ ಅದು ಪತ್ರಿಕೆ. 1908ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ವಿಲಿಯಮ್ಸ್ ಪತ್ರಿಕೋದ್ಯಮ ಶಾಲೆ ಶುರು ಮಾಡಿದಾಗ ತರಗತಿ ಆರಂಭವಾದ ದಿನವೇ ವಿದ್ಯಾರ್ಥಿಗಳ ಪತ್ರಿಕೆಯನ್ನೂ ಹೊರಗೆ ತಂದರು. ಕಲಿಯುವುದು ನಿಜವಾದ ಓದುಗರ ಮುಂದೆ ಅನ್ನುವುದೇ ಅಲ್ಲಿನ ಪದ್ಧತಿ. ನಮ್ಮ ವಿಭಾಗಗಳು ಆ ಪದ್ಧತಿಯ ಹೆಸರು ಪಠ್ಯದಲ್ಲಿ ಹೇಳುತ್ತವೆ. ತಪ್ಪಾದಾಗ ಮಾತ್ರ ‘ಅಭ್ಯಾಸ ತಾನೇ’ ಅನ್ನುತ್ತವೆ.

ಹೆಸರು ಹಾಕಬೇಕಾ ಅನ್ನುವುದು ಇನ್ನೂ ಕಷ್ಟದ ಪ್ರಶ್ನೆ. ವೃತ್ತಿಪತ್ರಿಕೆ ಹೆಸರು ಹೇಳಬೇಕು, ಅನುಮಾನವಿಲ್ಲ. ಇಲ್ಲಿ ಅವಳು ವಿದ್ಯಾರ್ಥಿನಿ, ಪಿಡಿಎಫ್ ಒಮ್ಮೆ ಹೊರಗೆ ಹೋದರೆ ವರ್ಷಗಟ್ಟಲೆ ಉಳಿಯುತ್ತದೆ. ಇನ್ನೊಂದು ಕಡೆ, ವರದಿಯ ಜತೆ ಅವಳ ಹೆಸರು (ಬೈಲೈನ್) ಹಳೆಯ ಸಂಚಿಕೆಯಲ್ಲಿ ಹೇಗೂ ಇದೆ. ಕೊನೆಗೆ ಹೆಸರು ಬೇಡ ಅಂತಾಯಿತು. ಯಾವ ವರದಿ, ಏನು ಸುಳ್ಳು, ವಿಭಾಗ ಏನು ಮಾಡಲಿಲ್ಲ, ಇವು ಮೂರು ಇರಲೇಬೇಕು ಅಂತಾಯಿತು. ಮೂರನೆಯದ್ದಕ್ಕೆ ವಿಭಾಗ ಒಪ್ಪಲು ಒಂದು ಸಭೆ ಹಿಡಿಯಿತು.

ತಿದ್ದುಪಡಿಯ ಮೊದಲ ಕರಡನ್ನು ಅವಳಿಂದಲೇ ಬರೆಸಿದೆವು. ಅವಳು ಬರೆದದ್ದು: “ಕಳೆದ ಸಂಚಿಕೆಯ ನುಡಿಚಿತ್ರದಲ್ಲಿ ಅಚಾತುರ್ಯದಿಂದ ಕೆಲವು ಮಾಹಿತಿ ದೋಷಗಳು ನುಸುಳಿದ್ದು ಅದಕ್ಕಾಗಿ ವಿಷಾದಿಸುತ್ತೇವೆ.” ಪತ್ರಿಕೆಗಳಲ್ಲಿ ಅವಳು ಓದಿದ ತಿದ್ದುಪಡಿಗಳೆಲ್ಲ ಹೀಗೇ ಇದ್ದವು, ಅವಳದ್ದೇನು ತಪ್ಪು! ‘ನುಸುಳಿದ್ದು’ ಯಾರು? ದೋಷ ತಾನಾಗಿ ಬಾಗಿಲು ತೆಗೆದು ಒಳಗೆ ಬಂತಾ? ಕೂತು ತಿದ್ದಿದೆವು. ಕೊನೆಗೆ ಅದೇ ಹಿಂಬದಿ ಪುಟದಲ್ಲಿ, ಮೇಲ್ಗಡೆ, ಚೌಕಟ್ಟಿನಲ್ಲಿ ಅಚ್ಚಾದದ್ದು ಇದು:

“ಕಳೆದ ಸಂಚಿಕೆಯ ಇದೇ ಪುಟದಲ್ಲಿ ರಾತ್ರಿ ಪಾಳಿಯ ಗಾರ್ಡ್‌ಗಳ ಬಗ್ಗೆ ಬಂದ ವರದಿಯಲ್ಲಿ ಹೆಸರಿಸಿದ ಮೂವರೂ ಇಲ್ಲ. ಅವರ ಮಾತುಗಳು ಎಐ ಸಹಾಯದಿಂದ ಕಟ್ಟಿದ್ದು. ವರದಿಗಾರ್ತಿ ಒಬ್ಬ ಗಾರ್ಡ್ ಜತೆ ಮಾತ್ರ ಮಾತಾಡಿದ್ದರು. ಅವರು ಹೆಸರು ಕೊಡಲು ಒಪ್ಪಿರಲಿಲ್ಲ. ಅಚ್ಚಿಗೆ ಮೊದಲು ನಮ್ಮ ಡೆಸ್ಕ್ ಯಾರನ್ನೂ ಸಂಪರ್ಕಿಸಿ ಖಾತ್ರಿ ಮಾಡಿಕೊಳ್ಳಲಿಲ್ಲ. ಇವರಿಗಾಗಿ ಹಣ ಕೊಟ್ಟವರಿಗೆ ವಿದ್ಯಾರ್ಥಿ ಸಂಘ ಅದನ್ನು ಹಿಂದಿರುಗಿಸಿದೆ.”

ಇಡೀ ಸೆಮಿಸ್ಟರಿನಲ್ಲಿ ಅವಳು ಬರೆದ ಅತ್ಯುತ್ತಮ ಕಾಪಿ ಅದೇ ಅಂತ ನನ್ನ ಅಭಿಪ್ರಾಯ.

ಹಾಳೆ ಬದಲಾಯಿತು

ಮುಂದಿನ ಸೆಮಿಸ್ಟರಿಗೆ ಅಂಕದ ಹಾಳೆ ಬದಲಿಸಿದರು. ಅದೇ 25. ನೋಟ್‌ಬುಕ್ ಮತ್ತು ಸಂಪರ್ಕ ಪಟ್ಟಿಗೆ 10. ಖಾತ್ರಿ ಮಾಡಿಕೊಂಡ ವಿಧಾನಕ್ಕೆ 5. ರಚನೆಗೆ 5. ಭಾಷೆಗೆ 5. ‘ಕನಿಷ್ಠ ಐದು ಕೋಟ್’ ಸಾಲು ಹೋಯಿತು. ಅದರ ಬದಲು ‘ಯಾರು ಮಾತಾಡಲು ಒಪ್ಪಲಿಲ್ಲ, ಯಾಕೆ’ ಅಂತ ಬರೆಯುವ ಒಂದು ಕಾಲಂ ಬಂತು.

ನೋಟ್‌ಬುಕ್ ಕೇಳಿದರೆ ಸಾಕಾ? ಸಾಲದು. ಅಮೆರಿಕದ ‘ದಿ ನ್ಯೂ ರಿಪಬ್ಲಿಕ್’ ನಿಯತಕಾಲಿಕದಲ್ಲಿ ಕಟ್ಟುಕಥೆಗಳನ್ನೇ ವರದಿ ಅಂತ ಬರೆದ ಸ್ಟೀಫನ್ ಗ್ಲಾಸ್ ಸ್ವತಃ ಫ್ಯಾಕ್ಟ್ ಚೆಕರ್, ಅಂದರೆ ವರದಿಯ ಸಂಗತಿಗಳನ್ನು ಪರಿಶೀಲಿಸುವವರಾಗಿ, ಕೆಲಸ ಮಾಡಿದವರು. ತಪಾಸಣೆ ದಾಟಲು ಏನು ಬೇಕು ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ನಕಲಿ ಟಿಪ್ಪಣಿಗಳನ್ನೇ ಬರೆದಿಟ್ಟರು. ಇಲ್ಲದ ಕಂಪನಿಗೆ ವೆಬ್‌ಸೈಟನ್ನೂ ಮಾಡಿದರು. 1998ರಲ್ಲಿ ‘ಫೋರ್ಬ್ಸ್’ನ ಆನ್‌ಲೈನ್ ವಿಭಾಗದ ವರದಿಗಾರರೊಬ್ಬರು ಆ ಕಂಪನಿಯನ್ನು ಹುಡುಕಲು ಹೋಗಿ ಸಿಗದಿದ್ದಾಗ ಎಲ್ಲ ಹೊರಬಿತ್ತು. ನಮ್ಮ ಹೊಸ ಪದ್ಧತಿಯ ಮೊದಲ ತಿಂಗಳಲ್ಲೇ ಒಬ್ಬ ಹುಡುಗ ನಾಲ್ಕು ದಿನದ ಟಿಪ್ಪಣಿಯನ್ನು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ಒಂದೂ ಕಾಟು ಹೊಡೆಯದೆ ಬರೆದು ತಂದ. ನಿಂತುಕೊಂಡು ಬರೆದ ಅಕ್ಷರ ಹಾಗಿರುವುದಿಲ್ಲ.

ಅದಕ್ಕೇ ಫೋನ್. ಕಾಪಿ ಬಂದ ಮೇಲೆ ಬರೆಯದ ಇನ್ನೊಬ್ಬ ವಿದ್ಯಾರ್ಥಿ ಸಂಪರ್ಕ ಪಟ್ಟಿಯಿಂದ ಇಬ್ಬರನ್ನು ಆರಿಸಿ ಕರೆ ಮಾಡಬೇಕು. ನಮ್ಮವರು ನಿಮ್ಮ ಜತೆ ಮಾತಾಡಿದ್ದು ನಿಜವಾ? ಹೆಸರು, ಹುದ್ದೆ ಸರಿ ಇದೆಯಾ? ನೀವು ಇಂಥ ವಿಷಯ ಹೇಳಿದ್ದು ಹೌದಾ? ಕೋಟನ್ನು ಪೂರ್ತಿ ಓದಿ ಹೇಳಬೇಕಾ ಅನ್ನುವುದರ ಬಗ್ಗೆ ವಿಭಾಗದಲ್ಲಿ ಜಗಳವೇ ಆಯಿತು. ಓದಿ ಹೇಳಿದರೆ ಜನ ‘ಅದು ಬೇಡ, ಇದು ಹಾಕಿ’ ಅಂತ ಶುರು ಮಾಡುತ್ತಾರೆ. ಅಧಿಕಾರಿಗಳಂತೂ ಹೇಳಿದ್ದನ್ನೇ ಇಲ್ಲ ಅನ್ನುತ್ತಾರೆ. ನಾನು ಸೂಚಿಸಿದ್ದು: ಕೋಟಿನ ಪದಗಳನ್ನು ಓದಬೇಡಿ, ಅದರಲ್ಲಿರುವ ಸಂಗತಿಗಳನ್ನು ಒಂದೊಂದಾಗಿ ಕೇಳಿ. ‘ಡ್ಯೂಟಿ ಹನ್ನೆರಡು ತಾಸಾ ಸರ್?’ ಅಂತ. ಒಪ್ಪಿಗೆ ಕೇಳುವುದು ಬೇರೆ, ಖಾತ್ರಿ ಮಾಡಿಕೊಳ್ಳುವುದು ಬೇರೆ ಅಂತ ಹುಡುಗರಿಗೆ ಈ ಕರೆ ಮಾಡುತ್ತಲೇ ಗೊತ್ತಾಗುತ್ತದೆ.

ತೊಂದರೆಗಳು ಕಮ್ಮಿಯಿಲ್ಲ. ಸಂಚಿಕೆಗೆ ಬರುವ ವರದಿಗಳ ಸಂಖ್ಯೆ ಇಳಿಯಿತು. ಎಂಟು ಪುಟ ತುಂಬದೆ ಒಂದು ಸಂಚಿಕೆ ಆರು ಪುಟಕ್ಕೆ ನಿಂತಿತು. ಮೇಷ್ಟ್ರಿಗೆ ಕೆಲಸ ಜಾಸ್ತಿಯಾಯಿತು, ಅದಕ್ಕೆ ಕಾರ್ಯಭಾರದ ಲೆಕ್ಕದಲ್ಲಿ ಜಾಗವಿಲ್ಲ. ಹೆಸರು ಹೇಳಿದರೆ ಕೆಲಸ ಹೋಗುವಂಥವರ ವಿಷಯದಲ್ಲಿ ಕರೆ ಮಾಡುವುದೇ ಅಪಾಯ. ಅಂಥ ಕಡೆ ಹೆಸರು ಅಚ್ಚಾಗುವುದಿಲ್ಲ, ಆದರೆ ಮೇಷ್ಟ್ರಿಗೆ ಗೊತ್ತಿರಬೇಕು ಅಂತ ನಿಯಮ ಮಾಡಿದರು. ಕುಕ್ ಪ್ರಕರಣದಲ್ಲಿ ಇದೇ ಇರಲಿಲ್ಲ.

ಮೇಷ್ಟ್ರಿಗೂ ಹೆಸರು ಹೇಳದವರಿದ್ದರೆ? ಆ ಪ್ರಶ್ನೆ ಬಂದದ್ದು ಮತ್ತದೇ ಗಾರ್ಡ್ ವಿಷಯದಲ್ಲಿ.

ಕುರ್ಚಿ

ಅವಳು ಮುಂದಿನ ತಂಡದ ಜತೆ ಅದೇ ವಿಷಯವನ್ನೇ ಆರಿಸಿಕೊಂಡಳು. ಯಾರೂ ಹೇಳಿರಲಿಲ್ಲ. ಆಸ್ಪತ್ರೆಯ ಹಿಂದಿನ ಗೇಟಿಗೆ ಹೋದಳು. ಹಳೆಯ ಗಾರ್ಡ್ ಇವಳನ್ನು ನೋಡಿ ಮಾತೇ ಆಡಲಿಲ್ಲ, ವಿಷಯ ಅವರ ಕಿವಿಗೂ ಬಿದ್ದಿತ್ತು. ಹಾಗಾದರೆ ಕುರ್ಚಿಯನ್ನು ಖಾತ್ರಿ ಮಾಡುವುದು ಹೇಗೆ? ಮೂವರು ವಿದ್ಯಾರ್ಥಿಗಳು ಬೇರೆ ಬೇರೆ ರಾತ್ರಿ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಆಸ್ಪತ್ರೆಯ ಎಲ್ಲ ಗೇಟುಗಳನ್ನೂ ನೋಡಿ ಬಂದರು. ಎಲ್ಲಿ ಕುರ್ಚಿ ಇದೆ, ಎಲ್ಲಿಲ್ಲ, ಎಷ್ಟು ಗಂಟೆಗೆ ನೋಡಿದ್ದು ಅಂತ ಬರೆದುಕೊಂಡರು. ಮುಖ್ಯ ಗೇಟಿನಲ್ಲಿತ್ತು. ಉಳಿದ ಕಡೆ ಇರಲಿಲ್ಲ. ಆಸ್ಪತ್ರೆಯ ಆಡಳಿತಾಧಿಕಾರಿಯನ್ನು ಕೇಳಿದಾಗ ಅದು ಏಜೆನ್ಸಿಯ ತೀರ್ಮಾನ ಅಂದರು. ಏಜೆನ್ಸಿಯ ಸೂಪರ್‌ವೈಸರ್ ಆಸ್ಪತ್ರೆಯವರು ಹೇಳಿದ್ದಕ್ಕೆ ತೆಗೆದೆವು ಅಂದರು. ಇಬ್ಬರ ಮಾತೂ ಹೆಸರಿನ ಸಮೇತ ಬಂತು. ಇಬ್ಬರಿಗೂ ಡೆಸ್ಕಿನಿಂದ ಕರೆ ಹೋಗಿತ್ತು.

ವರದಿ 350 ಪದ. ಅದರಲ್ಲಿ ಒಬ್ಬ ಗಾರ್ಡ್ ಕೂಡ ಮಾತಾಡಿಲ್ಲ. ಯಾಕೆ ಮಾತಾಡಿಲ್ಲ ಅಂತ ಎರಡು ವಾಕ್ಯ ಇದೆ. ತಂಡದ ಹುಡುಗರಲ್ಲಿ ಕೆಲವರು ಹಳೆಯದ್ದೇ ಓದಲು ಚೆನ್ನಾಗಿತ್ತು ಅಂದರಂತೆ. ಓದಲು ಚೆನ್ನಾಗಿದ್ದದ್ದು ನಿಜ. 25ಕ್ಕೆ 18 ಬಂತು. ಭಾಷೆಯಲ್ಲಿ ಎರಡು ಹೋಗಿತ್ತು, ರಚನೆಯಲ್ಲೂ ಕಡಿಮೆಯಾಗಿತ್ತು.

ಈ ಹಾಳೆ ಸದ್ಯಕ್ಕೆ ಲ್ಯಾಬ್ ಜರ್ನಲ್‌ಗೆ ಮಾತ್ರ. ಮಾಧ್ಯಮ ನೀತಿಯ ಥಿಯರಿ ಪತ್ರಿಕೆಯಲ್ಲಿ ಕುಕ್ ಬಗ್ಗೆ ಪ್ರಬಂಧ ಬರೆಸುವುದು ಹಾಗೇ ಮುಂದುವರಿದಿದೆ, ಅದನ್ನು ಬದಲಿಸಲು ಪಠ್ಯ ಸಮಿತಿ ಒಪ್ಪಬೇಕು. ವಿಡಿಯೋ ಮತ್ತು ಪಾಡ್‌ಕಾಸ್ಟ್ ಅಸೈನ್‌ಮೆಂಟುಗಳಿಗೆ ಇದನ್ನು ಹೇಗೆ ತರುವುದು ಅನ್ನುವುದು ಬಗೆಹರಿದಿಲ್ಲ. ಎಡಿಟ್ ಮಾಡದ ಪೂರ್ತಿ ರೆಕಾರ್ಡಿಂಗ್ ಕೊಡಿ ಅಂದರೆ ಕೊಡುತ್ತಾರೆ. ಪ್ರತಿಯೊಬ್ಬರ ಎರಡು ಗಂಟೆಯ ಆಡಿಯೋ ಕೂತು ಕೇಳುವ ಮೇಷ್ಟ್ರು ಎಲ್ಲಿ ಸಿಗುತ್ತಾರೆ? ಸದ್ಯ ಅಲ್ಲೂ ಫೋನ್ ಕರೆಯಿಂದಲೇ ಶುರು ಮಾಡೋಣ ಅಂತ ವಿಭಾಗಕ್ಕೆ ಬರೆದು ಕೊಟ್ಟಿದ್ದೇನೆ.